ಮಕ್ಕಳು ನಿಮ್ಮ ಕೂಡ ಇದ್ದಾರಲ್ಲ

ಹೊರದೇಶಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ಹೂಡಿರುವ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕ್ರೈಸ್ತ ತಂದೆ-ತಾಯಿಗಳಿಗೆ ಘೋಡಗೇರಿಯಿಂದ ಶರಣು.

ನಿಮ್ಮಲ್ಲಿ ಕೆಲವರಿಗೆ ಅ-ಆ ತಿದ್ದಿಸಿದವಳು ನಾನು. ಉಳಿದವರನ್ನು ಕಂಡಿಲ್ಲ, ಆದರೆ ನಿಮ್ಮ ಸುದ್ದಿ ಮಾತ್ರ ತಪ್ಪದೆ ಬರುತ್ತದೆ. ರವಿವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಕಟ್ಟೆಗೆ ಕೂತ ಮುದುಕ-ಮುದುಕಿಯರು ಮೊಬೈಲ್ ತೆಗೆದರೆಂದರೆ ಮಸ್ಕತ್ತು, ಮೆಲ್ಬರ್ನು, ಮ್ಯೂನಿಕ್ಕು ಎಲ್ಲ ನಮ್ಮ ಓಣಿಗೇ ಬಂದು ಕೂಡುತ್ತವೆ. ಆ ಸುದ್ದಿಗಳನ್ನು ಕೇಳಿ ಕೇಳಿ ನನ್ನ ತಲೆಯಲ್ಲಿ ಒಂದು ತಕರಾರು ಬೆಳೆದಿದೆ. ಒಬ್ಬೊಬ್ಬರಿಗೆ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ. ಎಲ್ಲರಿಗೂ ಕೂಡಿಸಿ ಬರೆದರೆ ಯಾರಿಗೂ ತಾಗುವುದಿಲ್ಲ ಎಂದು ಈ ಕಾಗದ.

ತಕರಾರು ಇದು: ನೀವು ಸುಖವಾಗಿದ್ದೀರಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫೋನ್ ಮಾಡಿದರೆ ಮೊದಲು ಹವಾಮಾನ, ಆಮೇಲೆ ಅವ್ವನ ಬಿ.ಪಿ., ಆಮೇಲೆ ಅಪರಾಧಿಯ ದನಿ. 'ಹುಡುಗ್ರು ಕನ್ನಡ ಮರೀಲಾಕತ್ತಾವ್ರಿ ಟೀಚರ್', 'ನಮ್ಮ ಪದ್ಧತಿ ಯಾವ್ದೂ ಉಳೀವಲ್ದು', 'ಇಲ್ಲಿದ್ದು ಏನ್ ಗಳಿಸಿದಂಗಾತು'. ನಡುವೆ ಎಲ್ಲೋ ಮಗು ನಕ್ಕ ಸದ್ದು ಕೇಳಿದರೆ, ಮನೆಯೊಳಗೆ ಯಾರೋ ಹಾಡುತ್ತಿರುವುದು ಕೇಳಿದರೆ, ಅವಸರದಿಂದ ಬಾಗಿಲು ಮುಚ್ಚುತ್ತೀರಿ. ಊರಲ್ಲಿ ನಾವು ಒಂಟಿಯಾಗಿದ್ದೇವೆ, ಅಂಥಾದ್ದರಲ್ಲಿ ನೀವು ನಗುವುದು ಸರಿಯಲ್ಲ ಎಂಬ ಮುಲಾಜು ಇರಬೇಕು. ನಮಗೆ ಆ ಮುಲಾಜು ಬೇಡ. ಆ ಬಾಗಿಲು ತೆರೆದಿಡಿ ಎಂದು ಕೇಳುವುದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳ ಸಂಸಾರವೂ ನಿಮ್ಮ ಹಾಗೆಯೇ. ಮೊದಲು ಶಾರ್ಜಾ, ಈಗ ಜರ್ಮನಿಯ ದಕ್ಷಿಣದ ಒಂದು ಊರು. ಅವಳು ನರ್ಸು. ಈ ಸೀಮೆಯವರಿಗೆ ಅದೇನು ಹೊಸ ದಾರಿಯಲ್ಲ. ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಿರಜಕ್ಕೆ ಹೋಗಿ ನರ್ಸಿಂಗ್ ಕಲಿತವರ ಪೈಕಿ ನನ್ನ ಅವ್ವನೂ ಒಬ್ಬಳು. ಅಲ್ಲಿಯ ಮಿಷನ್ ದವಾಖಾನೆಯನ್ನು ಕೆನಡಾದಿಂದ ಬಂದ ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿಸಿದ್ದು. ಗೋಕಾಕ, ರಾಯಬಾಗ, ಹುಕ್ಕೇರಿ ಕಡೆಯ ರೋಗಿಗಳಿಗೆ 'ಮಿರ್ಜಿ ದವಾಖಾನಿ' ಎಂದರೆ ಕಡೆಯ ಕೋರ್ಟಿದ್ದಂತೆ. ಆಗ ವೈದ್ಯರು ಅಲ್ಲಿಂದ ಇಲ್ಲಿಗೆ ಬಂದರು, ಈಗ ನಮ್ಮ ಹುಡುಗಿಯರು ಇಲ್ಲಿಂದ ಅಲ್ಲಿಗೆ ಹೋಗುತ್ತಾರೆ. ಅದರಲ್ಲಿ ಅಳುವುದೇನು ಬಂತು?

ಮಗಳು ಬೇಸರವನ್ನು ಹೇಳುತ್ತಾಳೆ, ಮೊಮ್ಮಕ್ಕಳು ಸುಖವನ್ನು ಹೇಳುತ್ತವೆ. ಅವರ ಬಾಯಿಂದ ಬಿದ್ದದ್ದನ್ನೇ ಸ್ವಲ್ಪ ಬರೆಯುತ್ತೇನೆ. ನಿಮ್ಮ ಮನೆಯಲ್ಲಿಯೂ ಇಂಥವು ದಿನಾ ನಡೆಯುತ್ತಿವೆ, ನೀವು ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಶಾರ್ಜಾದಲ್ಲಿದ್ದಾಗ ಶುಕ್ರವಾರವೇ ಅವರ ರವಿವಾರ. ಅಲ್ಲಿ ಚರ್ಚುಗಳೆಲ್ಲ ಯರ್ಮೂಕ್ ಎಂಬ ಒಂದೇ ಬಡಾವಣೆಯಲ್ಲಿ ಒತ್ತಟ್ಟಿಗೆ ಇವೆ. ಮಲಯಾಳದವರ ಆರಾಧನೆ ಮುಗಿದು ಅವರು ಚಪ್ಪಲಿ ಹುಡುಕುವುದರೊಳಗೆ ತಮಿಳರು ಒಳಗೆ, ಅವರ ಬೆನ್ನಿಗೆ ಇನ್ನೊಂದು ಭಾಷೆ. ಮೊಮ್ಮಗನಿಗೆ ಆ ಗದ್ದಲವೇ ಹಬ್ಬ. ಯಾವ ಭಾಷೆಯವರ ಡಬ್ಬಿಯಲ್ಲಿ ಏನು ಇರುತ್ತದೆ ಎಂಬುದು ಅವನಿಗೆ ಹತ್ತು ಆಜ್ಞೆಗಳಿಗಿಂತ ಚೆನ್ನಾಗಿ ಬಾಯಿಪಾಠ. 2022ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ವಾರದ ರಜೆಯನ್ನೇ ಬದಲಿಸಿತು. ಶಾರ್ಜಾದವರಿಗಂತೂ ಶುಕ್ರವಾರದಿಂದ ರವಿವಾರದವರೆಗೆ ಮೂರೂ ದಿನ ಬಿಡುವು. ರವಿವಾರದ ಆರಾಧನೆ ಮರಳಿ ರವಿವಾರಕ್ಕೆ ಬಂದಾಗ ಅವನು ನನ್ನನ್ನು ಕೇಳಿದ: 'ಅಜ್ಜಿ, ದೇವ್ರಿಗೂ ಸೂಟಿ ಬದ್ಲಾತಾ?' ಇದಕ್ಕೆ ಉತ್ತರ ಕೊಡಬಲ್ಲ ಸಭಾಪಾಲಕರು ನಿಮ್ಮಲ್ಲಿ ಯಾರಾದರೂ ಇದ್ದರೆ ತಿಳಿಸಿ, ಹುಡುಗ ಇನ್ನೂ ಕಾಯುತ್ತಿದ್ದಾನೆ.

ಜರ್ಮನಿಯಲ್ಲಿ ರವಿವಾರ ಸದ್ದು ಮಾಡುವ ಹಾಗಿಲ್ಲ. ಡ್ರಿಲ್ಲು ಹಚ್ಚುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮೇಲಿನ ಮನೆಯವರು ಕುರ್ಚಿ ಎಳೆದರೂ ಕೆಳಗಿನವರಿಗೆ ಕಿರಿಕಿರಿ. ಇಂಥ ಊರಿನಲ್ಲಿ ನನ್ನ ಮಗಳಿಗೆ ರೊಟ್ಟಿ ಬಡಿಯುವ ಬಿಡುವು ಸಿಗುವುದು ರವಿವಾರ ಮಾತ್ರ. ಜೋಳದ ಹಿಟ್ಟನ್ನು ಭಾರತದ ಅಂಗಡಿಯಿಂದ ತರುತ್ತಾಳೆ. ಆ ಹಿಟ್ಟಿಗೆ ಜಿಗಿ ಕಡಿಮೆ, ಕುದಿಯುವ ನೀರು ಹಾಕಿ ನಾದಿದರೂ ಅಂಚು ಸೀಳುತ್ತದೆ. ಆದರೂ ಬಡಿಯುತ್ತಾಳೆ. ಪಟ ಪಟ ಪಟ. ಒಂದು ದಿನ ಕೆಳಗಿನ ಮನೆಯ ಮುದುಕಿ ಬಾಗಿಲು ತಟ್ಟಿದಳು. ಅಳಿಯ ಕ್ಷಮೆ ಕೇಳುವ ಜರ್ಮನ್ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಬಾಗಿಲು ತೆಗೆದ. ಅದರೊಳಗೆ ಮೊಮ್ಮಗಳು ಸುಟ್ಟ ರೊಟ್ಟಿಯ ಅರ್ಧ ಚೂರಿಗೆ ಬೆಣ್ಣೆ ಸವರಿ ಮುದುಕಿಯ ಕೈಗೆ ಇಟ್ಟೇಬಿಟ್ಟಿದ್ದಳು. ಬಂದ ಕಾರಣ ಏನೆಂದು ಆಕೆ ಹೇಳಲೇ ಇಲ್ಲ. ಈಗ ಪ್ರತಿ ರವಿವಾರ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳುತ್ತದಂತೆ. ಶೇಂಗಾ ಹಿಂಡಿ ಮಾತ್ರ ಬೇಡ ಅನ್ನುತ್ತಾಳೆ, ಖಾರ.

ನವೆಂಬರ್ 11ಕ್ಕೆ ಅಲ್ಲಿ ಸಂತ ಮಾರ್ಟಿನರ ದಿನ. ಸಂಜೆ ಕತ್ತಲಾದ ಮೇಲೆ ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರಗಳನ್ನು ಕೋಲಿಗೆ ಕಟ್ಟಿಕೊಂಡು ಹಾಡುತ್ತ ಊರಲ್ಲಿ ಸಾಲಾಗಿ ಹೋಗುತ್ತವೆ. ಸುಮಾರು ಅದೇ ಹೊತ್ತಿಗೆ ನಮ್ಮ ಓಣಿಯಲ್ಲಿ ದೀಪಾವಳಿಯ ಆಕಾಶಬುಟ್ಟಿಗಳು ಇಳಿದಿರುತ್ತವೆ. ಕೆಲವು ದಿನ ಕಳೆದರೆ ನಮ್ಮ ಮನೆಯ ಮುಂದೆ ಡಿಸೆಂಬರಿನ ನಕ್ಷತ್ರ ಏರುತ್ತದೆ. ಪಕ್ಕದ ಮನೆಯವರ ಬುಟ್ಟಿಯ ಬಿದಿರು ಕಡ್ಡಿಗಳನ್ನೇ ಕೇಳಿ ತಂದು ನಕ್ಷತ್ರ ಕಟ್ಟುವುದು ನಮ್ಮ ಮನೆಯ ರೂಢಿ. ಮೊಮ್ಮಗ ಕಳೆದ ಸಲ ತನ್ನ ಲಾಂದ್ರವನ್ನು ಬಿಸಾಡದೆ ಅದರ ಕಡ್ಡಿಯಿಂದಲೇ ನಕ್ಷತ್ರ ಮಾಡಿದ್ದಾನೆ. ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ನಮ್ಮ ಪದ್ಧತಿ ಉಳಿಯುವುದಿಲ್ಲ ಎಂದು ಕೊರಗುವ ನನ್ನ ಮಗಳು ಆ ಕಡ್ಡಿಯ ಸುದ್ದಿ ಹೇಳಲೇ ಇಲ್ಲ. ಹುಡುಗನೇ ಹೇಳಿದ.

ಇನ್ನೊಂದು. ನಮ್ಮ ಹಿತ್ತಲಲ್ಲಿ ಎಮ್ಮೆ ಕಟ್ಟುವಲ್ಲಿ ಗ್ವಾದಲಿ ಇದೆ, ಅದರ ತುಂಬ ಕಬ್ಬಿನ ವಾಡೆ, ಕಣಿಕೆ. ವಿಡಿಯೋ ಕಾಲಿನಲ್ಲಿ ಎಮ್ಮೆ ತೋರಿಸು ಎಂದು ಮೊಮ್ಮಗಳು ಹಟ ಹಿಡಿದಳು, ತೋರಿಸಿದೆ. ಎಮ್ಮೆ ಮುಖ ಎತ್ತಿದ ಕೂಡಲೆ ಹಿಂದಿನ ಗ್ವಾದಲಿ ಕಂಡಿತು. ಅವಳು ಚೀರಿದಳು: 'ಮಮ್ಮಿ, ಅಜ್ಜೀ ಮನ್ಯಾಗ ಖರೇ ಖರೇ ಗ್ವಾದ್ಲಿ ಐತಿ! ಯೇಸು ಇಲ್ಲೇ ಹುಟ್ಟಿದ್ದೇನು?' ಅವಳ ಶಾಲೆಯಲ್ಲಿಟ್ಟ ಗ್ವಾದಲಿಯಲ್ಲಿ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕಿದೆ, ಕುರಿಗಳು ಬೆಳ್ಳಗಿವೆ, ಸಗಣಿ ಇಲ್ಲ. ಈಗ ಅವಳು ತನ್ನ ಟೀಚರಿಗೆ, ಅಲ್ಲಿ ಒಂದು ಎಮ್ಮೆ ಬೇಕೇ ಬೇಕು ಎಂದು ಗಂಟುಬಿದ್ದಿದ್ದಾಳೆ. ನನ್ನ ಪ್ರಕಾರ ಅವಳು ಹೇಳುವುದೇ ಸರಿ.

ಇವೆಲ್ಲ ಸಣ್ಣ ಮಾತುಗಳು ಅನ್ನುತ್ತೀರಿ. ಸಣ್ಣವು ಹೌದು. ಆದರೆ ಈ ಸಣ್ಣವಕ್ಕಾಗಿ ಹಂಬಲಿಸಿ ಹಂಬಲಿಸಿ ಸತ್ತ ತಾಯಂದಿರು ನಮ್ಮ ಈ ಜಿಲ್ಲೆಗಳ ನೆಲದಲ್ಲೇ ಇದ್ದರು. ಅವರ ಕತೆ ನಿಮಗೆ ಗೊತ್ತಿರಲಿ ಎಂಬುದು ಈ ಕಾಗದದ ಇನ್ನೊಂದು ಉದ್ದೇಶ.

ನಿಮ್ಮ ಹಾಗೆಯೇ ಹೊರದೇಶದಲ್ಲಿ ಸಂಸಾರ ಹೂಡಿದ ಕ್ರೈಸ್ತರು ಅವರು. ದಿಕ್ಕು ಮಾತ್ರ ತಿರುಗುಮುರುಗು. ಬೆಳಗಾವಿಗೆ 1820ರಲ್ಲಿಯೇ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದಿದ್ದರು. ಬಾಸೆಲ್ ಮಿಷನ್ನಿನವರು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ, 1851ಕ್ಕೆ ಗುಳೇದಗುಡ್ಡ ಎಂದು ಠಾಣ್ಯ ಹಾಕಿದರು. ಬಾಸೆಲ್ಲಿನ ಕಮಿಟಿ ಬಲು ಬಿಗಿ. ಹುಡುಗ ಒಬ್ಬನೇ ಬರಬೇಕು, ಕನಿಷ್ಠ ಎರಡು ವರ್ಷ ದುಡಿದು ತೋರಿಸಬೇಕು, ಆಮೇಲೆ ಮದುವೆಗೆ ಅಪ್ಪಣೆ ಕೇಳಿ ಬರೆಯಬೇಕು. ಕಮಿಟಿ ಒಪ್ಪಿದ ಹೆಣ್ಣು ಹಡಗು ಹತ್ತಿ ಬರುತ್ತಿದ್ದಳು. ಎಷ್ಟೋ ಜೋಡಿಗಳು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದು ಬಂದರಿನಲ್ಲಿಯೇ. ಇಷ್ಟಾದರೂ ಸಂಸಾರಗಳು ನಡೆದವು, ಮಕ್ಕಳು ಹುಟ್ಟಿದರು. ಆಯಾಗಳ ಕಂಕುಳಲ್ಲಿ ಬೆಳೆದ ಆ ಕೂಸುಗಳಿಗೆ ಜರ್ಮನ್ನಿಗಿಂತ ಮೊದಲು ಇಲ್ಲಿಯ ಮಾತು ಬರುತ್ತಿತ್ತು, ಇಲ್ಲಿಯ ಅನ್ನ-ಸಾರು ರುಚಿಸುತ್ತಿತ್ತು.

ಅದೇ ಕಮಿಟಿಗೆ ಹೆದರಿಕೆಯಾಯಿತು. ಇಲ್ಲಿಯ ಬಿಸಿಲು, ಕಾಲರಾ, ಜ್ವರಗಳ ಹೆದರಿಕೆ ಸುಳ್ಳಲ್ಲ. ಎಷ್ಟೋ ಮಕ್ಕಳ ಸಮಾಧಿಗಳು ಇಲ್ಲೇ ಇವೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ: ಮಕ್ಕಳು ಇಲ್ಲಿಯವರಂತೆ ಆಗಿಬಿಟ್ಟರೆ? ಇಲ್ಲಿಯ ಮಾತು, ಇಲ್ಲಿಯ ನಡೆ, ಇಲ್ಲಿಯ ದೇವರುಗಳ ನೆರಳು ಅಂಟಿಬಿಟ್ಟರೆ? ಅದಕ್ಕೆ 1850ರ ದಶಕದಲ್ಲಿ ಕಾಯಿದೆಯೇ ಆಯಿತು. ಶಾಲೆಯ ವಯಸ್ಸು ಬಂತೆಂದರೆ, ಹೆಚ್ಚು ಕಡಿಮೆ ಆರು-ಏಳು ವರ್ಷಕ್ಕೆ, ಮಕ್ಕಳನ್ನು ಯುರೋಪಿಗೆ ಕಳಿಸಬೇಕು. ಅವರಿಗಾಗಿ ಬಾಸೆಲ್ಲಿನಲ್ಲಿ ಹುಡುಗರ ಮನೆ, ಹುಡುಗಿಯರ ಮನೆ ಎಂದು ಎರಡು ವಸತಿಗಳನ್ನು ತೆರೆದರು. ಸುಯೆಜ್ ಕಾಲುವೆ ತೆರೆದದ್ದು 1869ಕ್ಕೆ. ಅದಕ್ಕೆ ಮೊದಲು ಆಫ್ರಿಕಾ ಸುತ್ತಿ ಹೋಗುವ ಹಡಗಿಗೆ ತಿಂಗಳುಗಟ್ಟಲೆ. ಕಳಿಸಿದ ತಾಯಿ ಮಗುವನ್ನು ಮತ್ತೆ ನೋಡುವ ಹೊತ್ತಿಗೆ ಅದಕ್ಕೆ ಮೀಸೆ ಬಂದಿರುತ್ತಿತ್ತು, ಇಲ್ಲವೇ ತಾಯಿಯೇ ಇಲ್ಲಿಯ ಮಣ್ಣಿಗೆ ಸೇರಿರುತ್ತಿದ್ದಳು.

ಒಂದು ಮನೆತನದ ಕತೆಯನ್ನು ಹೇಳುತ್ತೇನೆ, ಮೂರು ತಲೆಮಾರಿನದು. ಮಲಯಾಳದ ದೊಡ್ಡ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಹೆಸರು ನೀವು ಕೇಳಿದ್ದೀರಿ. ಅವರ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ನಾಲ್ಕರ ಆಸುಪಾಸಿನಲ್ಲಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ-ತಾಯಿ ಮರಳಿ ಬಂದರು. ಅವಳು ಇಂಡಿಯಾಕ್ಕೆ ವಾಪಸಾದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಹೆತ್ತವರ ಮನೆಗೆ ನೆಂಟಳ ಹಾಗೆ ಬಂದಳು. ಮುಂದೆ ಮದುವೆಯಾಗಿ, ವಿಧವೆಯಾಗಿ, ಇಂಡಿಯಾದ ಮಿಷನ್ನಿನಲ್ಲಿ ಕೆಲವು ವರ್ಷ ದುಡಿದು ಮರಳಿದ್ದ ಜೊಹಾನೆಸ್ ಹೆಸ್ಸೆಯನ್ನು 1874ರಲ್ಲಿ ಕೈಹಿಡಿದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ, 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಆ ಹುಡುಗ ಸಣ್ಣವನಿದ್ದಾಗ ಮನೆಯವರೆಲ್ಲ ಬಾಸೆಲ್ಲಿನಲ್ಲೇ ಇದ್ದರು. ಆದರೂ ತುಂಟತನ ತಾಳಲಾರದೆ 1884ರಲ್ಲಿ ಕೆಲವು ತಿಂಗಳು ಅವನನ್ನು ಅದೇ ಮಿಷನ್ನಿನ ಹುಡುಗರ ಮನೆಗೆ ಹಾಕಿದರು. ಆಗ ಅವನಿಗೆ ಏಳೂ ತುಂಬಿರಲಿಲ್ಲ. ತಂದೆ-ತಾಯಿ ಒಂದೇ ಊರಿನಲ್ಲಿ, ಮಗ ವಸತಿಯಲ್ಲಿ. ನಾಲ್ಕು ವರ್ಷಕ್ಕೆ ತಾಯಿಯಿಂದ ಬೇರೆಯಾದವಳೇ ತನ್ನ ಮಗನಿಗೂ ಅದನ್ನೇ ಮಾಡಿದಳಲ್ಲ! ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಿಟ್ಟಿರುವುದು ಒಂದು ಸಲ ರೂಢಿಯಾಯಿತೆಂದರೆ ಅದೇ ಸಂಸ್ಕಾರ ಎಂದು ಅನ್ನಿಸತೊಡಗುತ್ತದೆ.

ನಮ್ಮ ಮಿಷನರಿ ಚರಿತ್ರೆಗಳು ಇದನ್ನೆಲ್ಲ ತ್ಯಾಗ ಎಂದು ಹೊಗಳುತ್ತವೆ. ಸಂಡೇ ಸ್ಕೂಲಿನಲ್ಲಿ ನಾನೂ ಹಾಗೆಯೇ ಕೇಳಿ ಬೆಳೆದೆ. ಈಗ ಆ ಹೊಗಳಿಕೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆ ತಂದೆ-ತಾಯಿಗಳು ತಮ್ಮ ಸುಖ ಬಿಟ್ಟರು, ಸರಿ. ಆರು ವರ್ಷದ ಕೂಸಿನ ಒಪ್ಪಿಗೆಯನ್ನು ಯಾರು ಕೇಳಿದರು? ಬೇರೆ ದಾರಿ ಇರಲಿಲ್ಲವೇ ಎಂದರೆ ಇತ್ತು. ಅಮೆರಿಕದ ಮಿಷನ್‌ಗಳವರು ತಮ್ಮ ಮಕ್ಕಳಿಗಾಗಿ 1901ರಲ್ಲಿ ಕೊಡೈಕೆನಾಲಿನ ಬೆಟ್ಟದ ಮೇಲೆ ಶಾಲೆ ತೆರೆದರು. ಅದೂ ವಸತಿ ಶಾಲೆಯೇ. ಆದರೆ ಬೇಸಿಗೆ ಬಂದರೆ ತಾಯಂದಿರು ಬೆಟ್ಟ ಹತ್ತಿ ಮಕ್ಕಳ ಕೂಡ ಇರಬಹುದಿತ್ತು. ನಡುವೆ ಸಮುದ್ರ ಇರಲಿಲ್ಲ, ಅಷ್ಟೇ ದೊಡ್ಡದು.

ಆ ಕಾಲದ ಎಲ್ಲರೂ ಕಲ್ಲೆದೆಯವರು ಎಂದುಕೊಳ್ಳಬೇಡಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಬಹುಕಾಲ ಒಂಟಿಯಾಗಿದ್ದವರು. ಅವರ ಸೋದರಸಂಬಂಧಿ, ಕನ್ನಡ ಬೈಬಲಿಗೆ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಮೋಗ್ಲಿಂಗ್ ವೈಗ್ಲೆಯ ಹೆಂಡತಿ ಪೌಲೀನಾಳನ್ನು ಮದುವೆಯಾಗಿ ನಾಲ್ವರು ಮಕ್ಕಳಿಗೆ ತಂದೆಯಾದರು. ಆಕೆಯ ದೇಹಸ್ಥಿತಿ ಕೆಟ್ಟಾಗ 1860ರಲ್ಲಿ ಇಲ್ಲಿಯ ಕೆಲಸ ಬಿಟ್ಟು ಅವಳ ಕೂಡ ಹೊರಟರು. ಕನ್ನಡ ಸಾಹಿತ್ಯದ ಚರಿತ್ರೆಕಾರರು ಈ ಕಡೆಯ ಸಂಗತಿಯನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಮಾತ್ರ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ.

ಈಗ ನಿಮ್ಮ ಕಡೆಗೆ ಬರುತ್ತೇನೆ. 'ಮಕ್ಕಳು ಇಲ್ಲಿಯವರಾಗಿಬಿಡುತ್ತಾರೆ' ಎಂದು ಬಾಸೆಲ್ಲಿನ ಕಮಿಟಿ ಹೆದರಿತು. ನೀವು ಫೋನಿನಲ್ಲಿ ಆಡುವ ಮಾತೂ ಅದೇ. ನಮ್ಮ ಮುದುಕರು ವಾಟ್ಸಾಪಿನಲ್ಲಿ ತಳ್ಳುವ ಉಪದೇಶಗಳೂ ಅವೇ. ಭಾಷೆ ಹೋಗುತ್ತದೆ, ನಡತೆ ಕೆಡುತ್ತದೆ, ದೊಡ್ಡವರಾದ ಮೇಲೆ ಚರ್ಚಿಗೆ ಬರುವುದಿಲ್ಲ, ಅದಕ್ಕೇ ಮಕ್ಕಳನ್ನು ಊರಿಗೆ ಕಳಿಸಿರಿ, ಹಾಸ್ಟೆಲಿಗೆ ಹಾಕಿರಿ, ಇಲ್ಲವೇ ನಮ್ಮ ಹತ್ತಿರ ಬಿಡಿರಿ. ಕಟ್ಟೆಯ ಮೇಲೆ ಈ ಮಾತು ಬಂದಾಗಲೆಲ್ಲ ನಾನು ಎದ್ದು ಹೊರಡುತ್ತೇನೆ. ಮೊಮ್ಮಕ್ಕಳು ಮನೆಯಲ್ಲಿದ್ದರೆ ನನಗೆ ಆನಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಆನಂದಕ್ಕಾಗಿ ಅವರ ಊಟದ ಮೇಜಿನಿಂದ ಅವರನ್ನು ಎಬ್ಬಿಸಿ ತರುವುದು ನನಗೆ ಬೇಡ. ದೊಡ್ಡ ತರಗತಿಗೆ ಬಂದ ಹುಡುಗ ತಾನೇ ಬೆಂಗಳೂರಿಗೋ ಪುಣೆಗೋ ಓದಲು ಬರುತ್ತೇನೆ ಎಂದರೆ ಆ ಮಾತು ಬೇರೆ. ಏಳು ವರ್ಷದ ಹುಡುಗಿಯನ್ನು 'ಸಂಸ್ಕಾರಕ್ಕೆ' ಎಂದು ಕಳಿಸಬೇಡಿ. ಅಜ್ಜಿಯ ಕೈರುಚಿಗೆ ಸೋತು ಅವಳು ನಕ್ಕೊಂಡೇ ಇರಬಹುದು. ಆದರೂ ಬೇಡ.

ಮಕ್ಕಳನ್ನು ಕೂಡ ಇಟ್ಟುಕೊಳ್ಳುವುದು ಎಲ್ಲರ ಕೈಲಾಗುವ ಮಾತೂ ಅಲ್ಲ ಎಂದು ನಿಮಗೆ ನಾನೇ ಹೇಳಬೇಕೇ? ಎಮಿರೇಟ್ಸಿನಲ್ಲಿ ಕುಟುಂಬ ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರಹಮ್ ಪಗಾರ ಇರಬೇಕು, ಇಲ್ಲವೇ 3,000 ದಿರಹಮ್ ಜೊತೆಗೆ ವಸತಿ. ಅದಕ್ಕಿಂತ ಕಡಿಮೆ ದುಡಿಯುವ ನಮ್ಮ ಹುಡುಗರು ಅಲ್ಲಿಯ ಲೇಬರ್ ಕ್ಯಾಂಪುಗಳಲ್ಲಿ ಮೊಬೈಲಿನೊಳಗೆ ಮಕ್ಕಳನ್ನು ಬೆಳೆಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ 2024ರ ಮಾರ್ಚ್ 11ರಿಂದ ಹೊಸ ಕಾಯಿದೆ ಬಂತು: ವೃದ್ಧರ ಆರೈಕೆಗೆ, ಮನೆಮನೆಯ ಶುಶ್ರೂಷೆಗೆ ಎಂದು ಅಂದಿನಿಂದ ವೀಸಾ ಪಡೆದು ಹೋದ ಕೇರ್ ವರ್ಕರುಗಳು ಗಂಡ-ಹೆಂಡತಿ-ಮಕ್ಕಳನ್ನು ಕರೆತರುವಂತಿಲ್ಲ. ಅವರ ಮುದುಕರನ್ನು ನಮ್ಮ ತಾಯಂದಿರು ನೋಡಿಕೊಳ್ಳಬೇಕು, ನಮ್ಮ ಮಕ್ಕಳನ್ನು ನೋಡಿಕೊಳ್ಳಲು ಆ ತಾಯಂದಿರು ಇರುವಂತಿಲ್ಲ. ನೂರೆಪ್ಪತ್ತು ವರ್ಷದ ಹಿಂದೆ ಬಾಸೆಲ್ಲಿನ ಕಮಿಟಿ ಕಾಗದದಲ್ಲಿ ಬರೆದದ್ದನ್ನೇ ಈಗ ಲಂಡನ್ನಿನ ಗೃಹಖಾತೆ ಕಂಪ್ಯೂಟರಿನಲ್ಲಿ ಬರೆದಿದೆ. ಹಾಗೆ ಮಕ್ಕಳನ್ನು ತವರಿನಲ್ಲಿ ಬಿಟ್ಟು ಹೋದ ತಾಯಿಯೊಬ್ಬಳು ನಿಮ್ಮ ಸಭೆಯಲ್ಲಿದ್ದರೆ ರವಿವಾರ ಅವಳನ್ನು ಊಟಕ್ಕೆ ಕರೆಯಿರಿ. ನಿಮ್ಮ ಮಕ್ಕಳ ಗದ್ದಲ ಅವಳಿಗೆ ನೋವಾಗುತ್ತದೆ ಎಂದು ಹಿಂಜರಿಯಬೇಡಿ. ಬಂದವಳು ಮಕ್ಕಳ ಜಡೆ ಹಾಕಿಕೊಡುತ್ತಾಳೆ, ನೋಡುತ್ತಿರಿ.

ಕನ್ನಡದ ಚಿಂತೆ ನಿಮಗಿದೆ, ಅದನ್ನು ಹಗುರ ಮಾಡುವುದಿಲ್ಲ. ಕನ್ನಡ ಕಲಿಸುವ ವಾರಾಂತ್ಯದ ಶಾಲೆಗಳು ಈಗ ದುಬೈಯಿಂದ ಅಮೆರಿಕದವರೆಗೆ ನಡೆಯುತ್ತಿವೆ, ಹತ್ತಿರವಿದ್ದರೆ ಕಳಿಸಿರಿ. ಆದರೆ ಮನೆಯಲ್ಲಿ ಮಾತನ್ನು ಮದ್ದಿನ ಹಾಗೆ ಕುಡಿಸಬೇಡಿ. ನಮ್ಮ ಸಭೆಗಳಲ್ಲಿ ಪೇಟಿ-ತಬಲಾ-ತಾಳ ಹಿಡಿದು ಹಾಡುವ ಭಜನೆಗಳು ಎಷ್ಟೊಂದಿವೆ. ಅವನ್ನು ಅಡುಗೆ ಮಾಡುವಾಗ ನೀವು ಗುನುಗುತ್ತಿದ್ದರೆ ಸಾಕು, ಮಕ್ಕಳು ಯಾವಾಗ ಕದ್ದರು ಎಂದು ನಿಮಗೇ ತಿಳಿಯುವುದಿಲ್ಲ. ಸರ್ವಜ್ಞನ ತ್ರಿಪದಿಗಳಿವೆ. ಮೂರು ಸಾಲು, ಒಗಟಿನ ಹಾಗೆ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಅವನ್ನು ಊರೂರಿಂದ ಹುಡುಕಿ ತಂದು 1924ರಲ್ಲಿ ಪುಸ್ತಕ ಮಾಡಿದವರು ಒಬ್ಬ ಸಭಾಪಾಲಕರು, ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು. 1949ರ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 'ನಾವು ಕ್ರಿಶ್ಚನ್ನರು, ನಮಗೆ ಕನ್ನಡ ಎಷ್ಟರಮಟ್ಟಿಗೆ ನಮ್ಮದು' ಎಂದು ನಿಮ್ಮ ಮಗ ಅಲ್ಲಿಯ ಶಾಲೆಯಲ್ಲಿ ಯಾರಿಂದಲೋ ಕೇಳಿಸಿಕೊಂಡು ಬಂದರೆ ಈ ಒಂದು ಹೆಸರು ಸಾಕು.

ನಮ್ಮ ಊರ ವಿಷಯವನ್ನು ಮಕ್ಕಳಿಗೆ ಹೇಳುವಾಗ ಬರೀ ಅಳು ಹೇಳಬೇಡಿ ಎಂದೂ ಕೇಳಿಕೊಳ್ಳುತ್ತೇನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯೊಳಗೆ ನುಗ್ಗಿದಳು, ಲೋಳಸೂರ ಸೇತುವೆ ಮುಳುಗಿತು. ಆಗ ನೀವೆಲ್ಲ ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದಿರಿ. ಮಕ್ಕಳೂ ನಿಮ್ಮ ಮುಖ ನೋಡಿ ಹೆದರಿದವು. ಮೊಮ್ಮಗನಿಗೆ ಈಗಲೂ ಘಟಪ್ರಭೆ ಎಂದರೆ ಬರೀ ಕೆಂಪು ನೀರು. ಅದೇ ಹೊಳೆಯಲ್ಲಿ ಅವನ ಅವ್ವ ಈಜು ಕಲಿತದ್ದು, ಗೋಕಾಕದ ಫಾಲ್ಸಿನ ತೂಗುಸೇತುವೆಯ ಮೇಲೆ ನಡುವಿನವರೆಗೆ ಹೋಗಿ ಕಾಲು ನಡುಗಿ ಅಲ್ಲೇ ಕೂತು ಬಿಕ್ಕಿದ್ದು, ಅವಳನ್ನು ಎಬ್ಬಿಸಿ ತರಲು ಶಾಲೆಯ ಪ್ರವಾಸದ ಇಡೀ ಸಾಲು ತಿರುಗಿ ಬಂದದ್ದು ಅವನಿಗೆ ಗೊತ್ತಾಗಬೇಡವೇ? ಅದನ್ನು ಅವಳು ಹೇಳಿಲ್ಲ. ಮರ್ಯಾದೆಯ ಪ್ರಶ್ನೆ ಇರಬೇಕು. ಈಗ ಅಚ್ಚಾಗಿ ಹೋಯಿತು, ಇನ್ನು ಮುಚ್ಚಿಡಲಿಕ್ಕೆ ಬರುವುದಿಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಮುಂದಿನ ಸಲ ಫೋನ್ ಮಾಡಿದಾಗ ಅವ್ವನ ಬಿ.ಪಿ. ಕೇಳುವ ಮೊದಲು ಆ ದಿನ ಮನೆಯಲ್ಲಿ ನಡೆದ ಒಂದು ನಗೆಯ ಸಂಗತಿ ಹೇಳಿರಿ. ಮಗು ಪ್ರಾರ್ಥನೆಯ ನಡುವೆ ಏನು ಕೇಳಿತು, ಹಿಮ ಮೊದಲ ಸಲ ಬಿದ್ದಾಗ ಯಾವ ಬಟ್ಟಲಿನಲ್ಲಿ ತುಂಬಿಟ್ಟಿತು, ಯಾವ ಭಾಷೆಯಲ್ಲಿ ಕನಸಿನಲ್ಲಿ ಬಡಬಡಿಸಿತು. ಅಂಕಪಟ್ಟಿ ಬೇಡ, ಹೊಸ ಕಾರಿನ ಫೋಟೋ ಬೇಡ. ಅವೆಲ್ಲ ಕಟ್ಟೆಯ ಮೇಲೆ ಪೈಪೋಟಿಗೆ ಮಾತ್ರ ಬರುತ್ತವೆ. ಬೀಗರ ಎದುರು ಬೀಗುವುದಕ್ಕೂ ಬರುತ್ತವೆ, ಒಪ್ಪುತ್ತೇನೆ, ಆದರೆ ರಾತ್ರಿ ಒಂಟಿಯಾಗಿ ಮಲಗಿದಾಗ ನೆನೆಯಲಿಕ್ಕೆ ಬರುವುದಿಲ್ಲ. ಸುಟ್ಟ ರೊಟ್ಟಿಗೆ ಬೆಣ್ಣೆ ಸವರಿದ ಹುಡುಗಿ ಬರುತ್ತಾಳೆ.

ಕೈಲಾದರೆ ಒಂದು ನೋಟುಬುಕ್ಕಿನಲ್ಲಿ ಬರೆದೂ ಇಡಿ. ಮರೀ ಹೆಸ್ಸೆಯ ಪತ್ರ-ದಿನಚರಿಗಳನ್ನು ಅವಳ ಮಗಳು 1934ರಲ್ಲಿ ಪುಸ್ತಕ ಮಾಡಿದ್ದರಿಂದಲೇ ಆ ಮನೆಯ ಒಳಗಿನ ಮಾತು ನಮ್ಮವರೆಗೆ ಬಂತು. ಅವರ ಮನೆಗಳ ಆಯಾಗಳು ಯಾರೂ ಬರೆದಿಡಲಿಲ್ಲ. ಆ ಕೂಸುಗಳಿಗೆ ಯಾವ ಜೋಗುಳ ಹಾಡಿದರು, ಹಡಗು ಹತ್ತಿಸಿದ ಮೇಲೆ ಮನೆಗೆ ಹೋಗಿ ಏನು ಮಾಡಿದರು ಎಂಬುದು ಗಾಳಿಗೆ ಹೋಯಿತು. ನಿಮ್ಮದು ಕನ್ನಡದಲ್ಲಿರಲಿ, ಜರ್ಮನ್ನಿನಲ್ಲಿರಲಿ, ಮಕ್ಕಳ ಕಲಬೆರಕೆ ಮಾತಿನಲ್ಲಿಯೇ ಇರಲಿ, ನಾನು ಕಾಗುಣಿತ ತಿದ್ದುವುದಿಲ್ಲ ಎಂದು ಮಾತು ಕೊಡುತ್ತೇನೆ. ಒಂದಿಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ನಂಬಲಾರರು.

ಕ್ರಿಸ್ಮಸ್ಸಿನ ಪಾರ್ಸಲ್ಲಿನ ವ್ಯವಹಾರ ಒಂದು ಉಳಿದಿದೆ. ನಮ್ಮ ಓಣಿಯವರೆಲ್ಲ ಕೂಡಿ ಈ ಸಲವೂ ಕರ್ಚಿಕಾಯಿ, ಚಕ್ಕುಲಿ, ಬೇಸನ್ ಉಂಡಿ ಮಾಡುವವರಿದ್ದೇವೆ. ಕರದಂಟನ್ನು ಗೋಕಾಕದಿಂದಲೇ ತರಿಸುತ್ತೇವೆ, ಗೋಕಾಕದ ಕಟ್ಟಿಗೆಯ ಗೊಂಬೆಗಳನ್ನೂ ಮಕ್ಕಳಿಗೆ ಒಂದೊಂದು. ಮೊಮ್ಮಗಳ ತರಗತಿಗೆಂದು ಒಂದು ಎಮ್ಮೆಯನ್ನು ಕೆತ್ತಿಕೊಡುವಿರಾ ಎಂದು ಅಲ್ಲಿಯ ಕುಶಲಕರ್ಮಿಯೊಬ್ಬರನ್ನು ಕೇಳಿದ್ದೇನೆ. ಬೆಳಗಾವಿ ಕುಂದಾ ಕೇಳಿದವರು ಸಿಟ್ಟಾಗಬೇಡಿ. ಯುರೋಪಿನ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯಲಿಕ್ಕೆ ಬಿಡುವುದಿಲ್ಲ. ಆಸ್ಟ್ರೇಲಿಯಾದವರಿಗೆ ಏನು ಕಳಿಸಿದರೂ ಅಲ್ಲಿ ಇಳಿದ ಕೂಡಲೆ ಫಾರ್ಮಿನಲ್ಲಿ ಬರೆದು ತೋರಿಸಬೇಕು, ಆದ್ದರಿಂದ ಅಲ್ಲಿಗೆ ಹೋಗುವವರ ಕೈಯಲ್ಲಿ ಒಳಗೇನಿದೆ ಎಂಬ ಚೀಟಿ ಇಡುತ್ತೇವೆ. ಯಾರು ಯಾರು ಡಿಸೆಂಬರಿನ ಮೊದಲ ವಾರದೊಳಗೆ ಊರಿಗೆ ಬಂದು ಹೋಗುವವರಿದ್ದೀರಿ, ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಕಿಲೋ ಜಾಗ ಇದೆ, ನಿಮ್ಮ ಊರಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಬೇಗ ತಿಳಿಸಿರಿ. ಗೊಂಬೆಗಳಿಗೆ ಮುಂಗಡ ಕೊಡಬೇಕು.

ನಿಮ್ಮ ಮಕ್ಕಳಿಗೆ ಮುತ್ತು, ನಿಮಗೆ ಆಶೀರ್ವಾದ.

ನಿಮ್ಮ ಹಳೆಯ ಟೀಚರ್,
ಘೋಡಗೇರಿ